ಥಾರ್ನಿಯ ‘ಘೋರ ಸ್ಥಳ’: ಒಂದು ದಾನಪತ್ರ, ಒಂದು ಪದ, ಒಂದು ಕಾಣದ ನಡುಗಡ್ಡೆ

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಂದಕೂಡಲೇ ಪಾರ್ಲಿಮೆಂಟು, ದೊಡ್ಡ ಗಡಿಯಾರ, ರಾಜರ ಪಟ್ಟಾಭಿಷೇಕ ನಡೆಯುವ ಆ್ಯಬಿ ಕಣ್ಣಮುಂದೆ ಬರುತ್ತವೆ. ಇವೆಲ್ಲ ನಿಂತಿರುವ ನೆಲ ಒಂದು ಕಾಲಕ್ಕೆ ಥೇಮ್ಸ್ ನದಿಯ ನಡುಗಡ್ಡೆಯಾಗಿತ್ತು. ಅದರ ಹೆಸರು ಥಾರ್ನಿ. ಉತ್ತರದ ದಿಬ್ಬಗಳಿಂದ ಇಳಿದು ಬರುತ್ತಿದ್ದ ಟೈಬರ್ನ್ ಎಂಬ ಹಳ್ಳದ ಕವಲುಗಳು ಒಂದು ಕಡೆ, ಥೇಮ್ಸ್ ಇನ್ನೊಂದು ಕಡೆ. ನಡುವೆ ಮರಳು ಮತ್ತು ಗರಸಿನ ಒಂದು ತಗ್ಗು ದಿಬ್ಬ. ಇಂದು ಅಲ್ಲಿ ಹೋಗಿ ನಿಂತರೆ ದ್ವೀಪ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತಿತ್ತು ಅನ್ನೋದು ಕಣ್ಣಿಗೆ ಗೊತ್ತಾಗೋದಿಲ್ಲ.

ಈ ನಡುಗಡ್ಡೆಯ ಬಗ್ಗೆ ಜನಪ್ರಿಯ ಪುಸ್ತಕಗಳಲ್ಲಿ, ಪ್ರವಾಸಿ ಕೈಪಿಡಿಗಳಲ್ಲಿ ಒಂದು ಸಿದ್ಧ ಕಥೆ ಇದೆ. ಮುಳ್ಳುಪೊದೆ ತುಂಬಿದ, ಜೌಗಿನ, ಯಾರೂ ಕಾಲಿಡದ ಭಯಂಕರ ಜಾಗ ಅದು. ಸನ್ಯಾಸಿಗಳು ಬಂದರು, ಪೊದೆ ಕಡಿದರು, ಕೆಸರು ಒಣಗಿಸಿದರು, ಆ್ಯಬಿ ಎದ್ದಿತು. ಇದಕ್ಕೆ ಆಧಾರ ಏನು ಅಂತ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಒಂದು ದಾನಪತ್ರದ ಎರಡು ಲ್ಯಾಟಿನ್ ಪದ. ಆ ಎರಡು ಪದಗಳನ್ನು ತಪ್ಪಾಗಿ ಓದಲಾಗಿದೆ. ಆ ತಪ್ಪು ಓದಿನಿಂದ ಒಂದು ಭೂಗೋಳವೇ ಹುಟ್ಟಿಕೊಂಡಿದೆ. ಶಾಸನ ಓದುವ ನಮಗೆ ಇದು ದೂರದ ಊರಿನ ವಿಷಯವಾದರೂ ಪರಿಚಿತ ರೋಗ.

ಮೊದಲು ಹೆಸರು. ಹಳೆ ಇಂಗ್ಲಿಷಿನಲ್ಲಿ ‘ಥಾರ್ನ್’ ಎಂದರೆ ಮುಳ್ಳುಗಿಡ, ಕೊನೆಯ ‘ಈ’ ಅಂಶ ದ್ವೀಪವನ್ನು ಹೇಳುತ್ತದೆ. ಸಮುದ್ರದ ನಡುವಿನ ದ್ವೀಪವೇ ಆಗಬೇಕಿಲ್ಲ. ನೀರಿನ ಅಥವಾ ಜೌಗಿನ ನಡುವೆ ತಲೆಯೆತ್ತಿದ ಒಣನೆಲಕ್ಕೂ ಅದೇ ಪದ. ನಮ್ಮ ಕರಾವಳಿಯವರು ಹೊಳೆ ನಡುವಿನ ನೆಲಕ್ಕೆ ‘ಕುದ್ರು’ ಅಂತಾರಲ್ಲ, ಹೆಚ್ಚುಕಡಿಮೆ ಆ ಅರ್ಥ. ಲಂಡನ್ನಿನಲ್ಲೇ ಬರ್ಮಂಡ್‌ಸಿ, ಬ್ಯಾಟರ್‌ಸಿ ಎಂಬ ಹೆಸರುಗಳಲ್ಲಿ ಅದೇ ಕೊನೆ ಇದೆ. (ಚೆಲ್ಸಿಯನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ. ಸೇರದು. ಅದರ ಹಳೆಯ ರೂಪ ಸುಣ್ಣಕಲ್ಲು ಇಳಿಸುವ ಕಟ್ಟೆಯನ್ನು ಹೇಳುತ್ತದೆ.) ಥಾರ್ನಿ ಎಂಬ ಹೆಸರಿನ ಜಾಗಗಳು ಇಂಗ್ಲೆಂಡಿನಲ್ಲಿ ಬೇರೆಯೂ ಇವೆ: ಕೇಂಬ್ರಿಜ್ ಕಡೆಯ ಜೌಗುನಾಡಿನಲ್ಲಿ ಒಂದು, ಸಸೆಕ್ಸ್ ಕರಾವಳಿಯಲ್ಲಿ ಇನ್ನೊಂದು. ಅಂದರೆ ಹೆಸರು ಸಾಧಾರಣದ್ದು. ನಮ್ಮಲ್ಲಿ ಜಾಲಿಹಾಳ, ಕಾರೇಹಳ್ಳಿ ಅಂತ ಇರುವ ಹಾಗೆ. ಜಾಲಿಹಾಳದಲ್ಲಿ ಮನುಷ್ಯರು ವಾಸಿಸಲು ಹೆದರುತ್ತಿದ್ದರು ಅಂತ ಯಾರೂ ಬರೆದಿಲ್ಲ.

ಇನ್ನು ದಾನಪತ್ರ. ಮರ್ಸಿಯಾದ ರಾಜ ಆಫ 785ರಲ್ಲಿ ಕೊಟ್ಟದ್ದು ಎಂದು ಹೇಳಿಕೊಳ್ಳುವ ಪತ್ರ ಅದು. ಹರ್ಟ್‌ಫರ್ಡ್‌ಶೈರಿನ ಆಲ್ಡನ್‌ಹ್ಯಾಮಿನಲ್ಲಿ ಹತ್ತು ಹೈಡ್ ಭೂಮಿಯನ್ನು ಸಂತ ಪೀಟರನಿಗೂ ಥಾರ್ನಿಯಲ್ಲಿರುವ ದೇವಜನರಿಗೂ ಬಿಟ್ಟುಕೊಡುವ ದಾನ. ಒಂದು ಹೈಡ್ ಎಂದರೆ ಸ್ಥೂಲವಾಗಿ ಒಂದು ಒಕ್ಕಲು ಬದುಕುವಷ್ಟು ನೆಲ. ಥಾರ್ನಿಯನ್ನು ಹೇಳುವಾಗ ಪತ್ರ ‘ಲೋಕೋ ಟೆರಿಬಿಲಿ’ ಎನ್ನುತ್ತದೆ: ಘೋರ ಸ್ಥಳದಲ್ಲಿ, ವೆಸ್ಟ್‌ಮಿನ್‌ಸ್ಟರ್ ಎಂದು ಕರೆಯುವಲ್ಲಿ. ಇಷ್ಟೇ. ಮುಳ್ಳಿನ ಮಾತಿಲ್ಲ, ಕೆಸರಿನ ಮಾತಿಲ್ಲ, ಕಾಡುಮೃಗದ ಮಾತಿಲ್ಲ. ಅವೆಲ್ಲ ಆಮೇಲಿನವರು ಆ ‘ಘೋರ’ದೊಳಗೆ ತುಂಬಿದ್ದು.

‘ಟೆರಿಬಿಲಿಸ್’ ಪದವನ್ನು ಇಂದಿನ ಇಂಗ್ಲಿಷಿನ ಕಿವಿಯಿಂದ ಕೇಳಿದರೆ ಕೆಟ್ಟದ್ದು, ದರಿದ್ರದ್ದು ಅನ್ನಿಸುತ್ತದೆ. ಆದರೆ ಪತ್ರ ಬರೆದ ಸನ್ಯಾಸಿಯ ಕಿವಿ ಬೇರೆ. ಬೈಬಲ್ಲಿನ ಆದಿಕಾಂಡದ 28ನೆಯ ಅಧ್ಯಾಯದಲ್ಲಿ ಯಾಕೋಬ ಬಯಲಲ್ಲಿ ಕಲ್ಲಿಗೆ ತಲೆಯಿಟ್ಟು ಮಲಗುತ್ತಾನೆ, ಸ್ವರ್ಗಕ್ಕೆ ಏರುವ ಏಣಿಯ ಕನಸು ಕಾಣುತ್ತಾನೆ. ಎಚ್ಚೆತ್ತು ಅವನು ಆ ಜಾಗಕ್ಕೆ ಕೊಡುವ ವಿಶೇಷಣ ಲ್ಯಾಟಿನ್ ಬೈಬಲ್ಲಿನಲ್ಲಿ ಇದೇ ‘ಟೆರಿಬಿಲಿಸ್’. ಅದು ದೇವರ ಮನೆ, ಸ್ವರ್ಗದ ಬಾಗಿಲು, ಆದ್ದರಿಂದ ಘೋರ. ಹೊಸ ಚರ್ಚನ್ನು ಪ್ರತಿಷ್ಠೆ ಮಾಡುವ ಪೂಜಾವಿಧಿಯಲ್ಲಿ ಈ ವಾಕ್ಯವೇ ಮೊದಲಿಗೆ ಬರುತ್ತದೆ. ಮಧ್ಯಯುಗದ ಯಾವ ಸನ್ಯಾಸಿಗೂ ಇದು ಬಾಯಿಪಾಠ. ಅವನು ‘ಲೋಕೋ ಟೆರಿಬಿಲಿ’ ಅಂತ ಬರೆದಾಗ ‘ದೇವರು ಇಳಿದು ಬಂದ ಪವಿತ್ರ ಸ್ಥಳ’ ಅಂತಲೇ ಬರೆದದ್ದು.

ಕನ್ನಡದವರಿಗೆ ಇದನ್ನು ವಿವರಿಸುವುದು ಇಂಗ್ಲಿಷಿನವರಿಗೆ ವಿವರಿಸುವುದಕ್ಕಿಂತ ಸುಲಭ. ‘ಘೋರ ತಪಸ್ಸು’ ಅಂದರೆ ಕೆಟ್ಟ ತಪಸ್ಸು ಅಂತ ನಾವು ತಿಳಿಯೋದಿಲ್ಲ. ಉಗ್ರನರಸಿಂಹನ ಗುಡಿ ಇರುವ ಊರು ವಾಸಕ್ಕೆ ಯೋಗ್ಯವಲ್ಲ ಅಂತ ಯಾವ ಶಾಸನತಜ್ಞನೂ ಟಿಪ್ಪಣಿ ಹಾಕಿಲ್ಲ. ಪದದಲ್ಲಿ ಹೆದರಿಕೆ ಇದೆ ನಿಜ; ಅದು ದೈವದ ಮುಂದಿನ ಹೆದರಿಕೆ. ಬಲ್ಲ ಇತಿಹಾಸಕಾರರು ಈ ಮಾತನ್ನು ಬರೆದಿದ್ದಾರೆ. ಆದರೂ ಜೌಗಿನ ಕಥೆ ಹೋಗಿಲ್ಲ. ಕಥೆ ಚೆನ್ನಾಗಿದೆಯಲ್ಲ, ಯಾರು ಬಿಡುತ್ತಾರೆ?

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಪದಾರ್ಥದ ಜಗಳ ಮಾತ್ರ ಆಗುತ್ತಿತ್ತು. ಹೆಚ್ಚಿನ ಪ್ರಶ್ನೆ ಬೇರೆ ಇದೆ. ಈ ಪತ್ರಕ್ಕೆ ‘ಘೋರ ಸ್ಥಳ’ ಯಾಕೆ ಬೇಕಿತ್ತು?

ಪತ್ರದಲ್ಲಿ ಆಫನ ಹೆಸರಿದೆ, ಆದರೆ ಇಂದು ಉಳಿದಿರುವ ರೂಪವನ್ನು ವಿದ್ವಾಂಸರು ಆಫನ ಕಾಲದ್ದು ಎಂದು ಒಪ್ಪುವುದಿಲ್ಲ. ಅದು ಆಮೇಲೆ ಸಿದ್ಧಗೊಂಡದ್ದು. ವೆಸ್ಟ್‌ಮಿನ್‌ಸ್ಟರ್ ಮಠಕ್ಕೆ ಹಳೆಯ ದಾಖಲೆಗಳನ್ನು ‘ಸಿದ್ಧಗೊಳಿಸುವ’ ಅಭ್ಯಾಸ ಇತ್ತು ಅನ್ನೋದು ಗುಟ್ಟೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಪ್ರಯರ್ ಆಗಿದ್ದ ಓಸ್‌ಬರ್ಟ್ ಆಫ್ ಕ್ಲೇರ್ ಎಂಬವನ ಹೆಸರು ಈ ಕೂಟಪತ್ರಗಳ ಜೊತೆ ಅಂಟಿಕೊಂಡೇ ಬರುತ್ತದೆ. ಎಡ್ವರ್ಡ್ ದ ಕನ್‌ಫೆಸರನಿಗೆ ಸಂತ ಪದವಿ ಕೊಡಿಸಲು 1138ರಲ್ಲಿ ಅವನ ಜೀವನಚರಿತ್ರೆ ಬರೆದವನೂ ಇವನೇ. ಪಿಯರ್ ಶಾಪ್ಲೇ ಎಂಬ ವಿದ್ವಾಂಸ ಕಳೆದ ಶತಮಾನದಲ್ಲಿ ಈ ಮಠದ ಪತ್ರಗಳನ್ನು ಬರವಣಿಗೆ, ಮುದ್ರೆ ಸಮೇತ ಒಂದೊಂದಾಗಿ ಪರೀಕ್ಷಿಸಿ ತೋರಿಸಿದ ಮೇಲೆ, ವೆಸ್ಟ್‌ಮಿನ್‌ಸ್ಟರಿನ ಯಾವ ಹಳೆ ಪತ್ರವನ್ನೂ ಅದು ಹೇಳುವ ತಾರೀಖಿನ ಮೇಲೆ ನಂಬುವ ಹಾಗಿಲ್ಲ.

ಮಠಕ್ಕೆ ಬೇಕಾಗಿದ್ದದ್ದು ಲಂಡನ್ನಿನ ಬಿಷಪನಿಂದ ಬಿಡುಗಡೆ. ಬಿಷಪ್ ಬಂದು ಮಠದಲ್ಲಿ ತಪಾಸಣೆ ಮಾಡಬಾರದು, ಅಧಿಕಾರ ಚಲಾಯಿಸಬಾರದು. ಅದಕ್ಕೆ ಒಂದು ಕಥೆ ಇತ್ತು. 604ರಲ್ಲಿ ಲಂಡನ್ನಿನ ಬಿಷಪ್ ಆದ ಮೆಲ್ಲಿಟಸ್ ಥಾರ್ನಿಯ ಹೊಸ ಚರ್ಚನ್ನು ಪ್ರತಿಷ್ಠೆ ಮಾಡಲು ಬರಬೇಕಿದ್ದ ಹಿಂದಿನ ರಾತ್ರಿ, ಒಬ್ಬ ಅಪರಿಚಿತ ಎದುರು ದಡದಲ್ಲಿ ಬೆಸ್ತನೊಬ್ಬನ ದೋಣಿ ಹತ್ತಿ ದ್ವೀಪಕ್ಕೆ ಬರುತ್ತಾನೆ. ಚರ್ಚು ಬೆಳಕಿನಿಂದ ತುಂಬುತ್ತದೆ. ಬಂದವನು ಸ್ವತಃ ಸಂತ ಪೀಟರ್. ಪ್ರತಿಷ್ಠೆಯನ್ನು ತಾನೇ ಮುಗಿಸಿ, ಬೆಳಗ್ಗೆ ಬಿಷಪನಿಗೆ ಹೇಳು ಅಂತ ಬೆಸ್ತನಿಗೆ ಹೇಳಿ, ಅವನ ಬಲೆಗೆ ಸಾಲ್ಮನ್ ಮೀನು ತುಂಬಿಸಿ ಹೋಗುತ್ತಾನೆ. ಬೆಳಗ್ಗೆ ಬಂದ ಬಿಷಪ್ ಗೋಡೆಯ ಮೇಲಿನ ಎಣ್ಣೆಯ ಗುರುತು, ಮೇಣದ ಹನಿ ನೋಡಿ ವಾಪಸ್ಸು ಹೋಗುತ್ತಾನೆ. 1080ರ ಆಸುಪಾಸಿನಲ್ಲಿ ಸುಲ್ಕಾರ್ಡ್ ಎಂಬ ಅದೇ ಮಠದ ಸನ್ಯಾಸಿ ಇದನ್ನು ಬರೆದಿಟ್ಟಿದ್ದಾನೆ. ಅವನ ಪ್ರಕಾರ ಚರ್ಚು ಕಟ್ಟಿಸಿದವನು ಲಂಡನ್ನಿನ ಒಬ್ಬ ಶ್ರೀಮಂತ ಮತ್ತು ಅವನ ಹೆಂಡತಿ. ಮುಂದೆ ಆ ಜಾಗಕ್ಕೆ ಎಸೆಕ್ಸಿನ ರಾಜ ಸೆಬರ್ಟ್ ಬಂದು ಕೂತ. ಕಟ್ಟಿಸಿದ ಸೆಟ್ಟಿ ಹೋಗಿ ರಾಜ ಬಂದದ್ದು ನಮಗೇನು ಹೊಸದಲ್ಲ. ಸ್ಥಳಪುರಾಣಗಳಲ್ಲಿ ದಿನಾ ನೋಡುತ್ತೇವೆ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಬಿಷಪ್ ಪ್ರತಿಷ್ಠೆ ಮಾಡಲಿಲ್ಲ, ಹಾಗಾಗಿ ಬಿಷಪನಿಗೆ ಹಕ್ಕಿಲ್ಲ. ಪತ್ರದಲ್ಲಿರುವ ‘ಘೋರ ಸ್ಥಳ’ ಪ್ರತಿಷ್ಠಾವಿಧಿಯ ಪದ. ಪತ್ರ ಬರೆದವನ ಮನಸ್ಸಿನಲ್ಲಿ ಈ ಪೀಟರನ ಕಥೆ ಆಗಲೇ ಇತ್ತು ಅಂತ ನಾನು ಹಟ ಹಿಡಿಯುವುದಿಲ್ಲ. ಆದರೆ ಓದಿದ ಸನ್ಯಾಸಿಗಳಿಗೆ ಪತ್ರವೂ ಕಥೆಯೂ ಒಂದೇ ಮಾತನ್ನು ಹೇಳಿದವು. ಪದದ ಕೆಲಸ ಹಕ್ಕು ಸ್ಥಾಪಿಸುವುದು, ನೆಲ ಬಣ್ಣಿಸುವುದಲ್ಲ. ಆ ಕೆಲಸ ಕೈಗೂಡಿತು ಕೂಡ. 1222ರಲ್ಲಿ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಮೊದಲಾದವರು ಕೂತು ಮಾಡಿದ ಪಂಚಾಯ್ತಿಯಲ್ಲಿ ಮಠ ಲಂಡನ್ ಬಿಷಪನ ಅಧಿಕಾರದಿಂದ ಹೊರಗೆ ಅಂತ ತೀರ್ಮಾನವಾಯಿತು. ಬೆಸ್ತನ ಕಥೆಯಿಂದ ಇನ್ನೊಂದು ಲಾಭವೂ ಆಯಿತು ಬಿಡಿ: ಥೇಮ್ಸಿನ ಸಾಲ್ಮನ್ ಮೀನಿನಲ್ಲಿ ಹತ್ತನೆಯ ಪಾಲು ಕೇಳಲು ಮಠದವರು ಇದನ್ನೇ ಆಧಾರವಾಗಿ ಹೇಳುತ್ತಿದ್ದರು.

ಹಾಗಾದರೆ ನೆಲದ ಬಗ್ಗೆ ನಿಜವಾಗಿ ಮಾತಾಡುವ ಪತ್ರ ಇಲ್ಲವೇ? ಇದೆ. ರಾಜ ಎಡ್ಗರ್ ಮಠಕ್ಕೆ ಐದು ಹೈಡ್ ಭೂಮಿ ಕೊಟ್ಟ ಪತ್ರ. ನನ್ನ ಮಟ್ಟಿಗೆ ಇಡೀ ವೆಸ್ಟ್‌ಮಿನ್‌ಸ್ಟರ್ ಭಂಡಾರದಲ್ಲಿ ಅತ್ಯಂತ ಸೊಗಸಾದ ಪತ್ರ ಇದು. ಇದರಲ್ಲೂ ತೊಡಕಿದೆ. ಪತ್ರದ ತಾರೀಖು 951. ಆ ವರ್ಷ ಇಂಗ್ಲೆಂಡಿನ ರಾಜ ಎಡ್ರೆಡ್. ಎಡ್ಗರ್ ಇನ್ನೂ ಹುಡುಗ. ಹಾಗಾಗಿ ಸಂಪಾದಕರು 951 ಎಂಬುದು 959 ಆಗಿರಬೇಕು ಅಂತ ತಿದ್ದಿಕೊಳ್ಳುತ್ತಾರೆ. ನಮ್ಮ ಗಂಗರ ತಾಮ್ರಪಟಗಳಲ್ಲಿ ಇಂಥದೇ ತೊಡಕು ಕಂಡಾಗ ಫ್ಲೀಟ್ ಸಾಹೇಬರು ‘ಕೂಟ’ ಅಂತ ಬದಿಗಿಟ್ಟರು, ರೈಸ್ ಸಾಹೇಬರು ಅವುಗಳ ಪರವಾಗಿ ವಾದ ಹೂಡಿದರು. ತಮ್ಮ ದೇಶದ ಪತ್ರಕ್ಕೆ ಫ್ಲೀಟ್ ಅದೇ ಕೋಲು ಹಿಡಿದಿದ್ದರೆ ಏನಾಗುತ್ತಿತ್ತೋ! ತಾರೀಖು ತಪ್ಪಿದ ಪತ್ರವೆಲ್ಲ ಪೂರ್ತಿ ಸುಳ್ಳಲ್ಲ, ಭಾಗ ಭಾಗವಾಗಿ ತೂಗಬೇಕು ಅನ್ನೋದು ಇವತ್ತು ಇಬ್ಬರ ಕಡೆಯವರೂ ಒಪ್ಪಿದ ಮಾತು.

ಆ ಭಾಗಗಳನ್ನೇ ನೋಡಿ. ದೇವರ ಸ್ತುತಿ, ರಾಜನ ಬಿರುದು, ದಾನದ ಮಾತು ಎಲ್ಲ ಲ್ಯಾಟಿನ್. ಗಡಿ ಹೇಳುವಾಗ ಮಾತ್ರ ಪತ್ರ ಊರಿನ ಭಾಷೆಗೆ, ಹಳೆ ಇಂಗ್ಲಿಷಿಗೆ ಇಳಿಯುತ್ತದೆ. ನಮ್ಮ ತಾಮ್ರಪಟಗಳಲ್ಲಿ ವಂಶಾವಳಿ, ಪ್ರಶಸ್ತಿ ಸಂಸ್ಕೃತದಲ್ಲಿ ಸಾಗಿ, ಎಲ್ಲೆ ಹೇಳುವಾಗ ಕನ್ನಡ ಬರುವುದು ನೆನಪಾಗದೆ ಇರದು. ಕಾರಣವೂ ಒಂದೇ. ನಾಳೆ ಜಗಳ ಬಂದಾಗ ಹುತ್ತ ಯಾವುದು, ಹುಣಿಸೆಮರ ಯಾವುದು ಅಂತ ಹೇಳಬೇಕಾದವರು ಊರಿನವರು. ಕೊನೆಗೆ ಶಾಪಾಶಯವೂ ಅಲ್ಲಿನ ಪತ್ರಗಳಲ್ಲಿ ಬರುತ್ತದೆ. ದಾನ ಕೆಡಿಸಿದವನು ನರಕಕ್ಕೆ ಹೋಗಲಿ ಅಂತಲೇ.

ಎಡ್ಗರನ ಪತ್ರದ ಎಲ್ಲೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಥೇಮ್ಸಿನಿಂದ ಮೇಲಕ್ಕೆ ಎಲ್ಲೆಯ ಹಳ್ಳದ ಗುಂಟ ಒಂದು ಮರದ ಬೊಡ್ಡೆಯ ತನಕ. ಅಲ್ಲಿಂದ ಬುಲುಂಗ ಎಂಬ ಜೌಗಿಗೆ. ಜೌಗಿನಿಂದ ಹಳೆಯ ಕಾಲುವೆ ಹಿಡಿದು ದನಗಳು ಹಳ್ಳ ಹಾಯುವ ಜಾಗಕ್ಕೆ. ಅಲ್ಲಿಂದ ಟೈಬರ್ನಿನ ಗುಂಟ ಅಗಲವಾದ ದಂಡಿನ ದಾರಿಗೆ. ದಾರಿ ಹಿಡಿದು ಸಂತ ಆಂಡ್ರೂನ ಹಳೆಯ ಮರದ ಚರ್ಚಿಗೆ. ಅಲ್ಲಿಂದ ಲಂಡನ್ ಜೌಗಿನೊಳಗೆ, ತೆಂಕಲಿಗೆ ಥೇಮ್ಸಿನ ನಡುನೀರಿಗೆ. ನಡುನೀರಿನಲ್ಲೇ ಸಾಗಿ, ಮೊದಲು ಹೊರಟ ಹಳ್ಳಕ್ಕೆ ವಾಪಸ್ಸು. ದಂಡಿನ ದಾರಿ ಇವತ್ತಿನ ಆಕ್ಸ್‌ಫರ್ಡ್ ಸ್ಟ್ರೀಟ್ ಕಡೆಯ ರೋಮನ್ ರಸ್ತೆ. ಮರದ ಚರ್ಚು ಇರುವ ಜಾಗ ಹೋಬರ್ನ್.

ಮಾರ್ಗರೆಟ್ ಗೆಲ್ಲಿಂಗ್ ಈ ಎಲ್ಲೆಗಳ ಮೇಲೆ ಬರೆದ ಲೇಖನ ಇಂದಿಗೂ ಓದಬೇಕಾದದ್ದು. ನಾನು ಗಮನ ಸೆಳೆಯುವುದು ಎರಡು ಸಂಗತಿಗಳಿಗೆ. ಒಂದು, ಇಲ್ಲಿ ಜೌಗು ಇದೆ, ಆದರೆ ಹೆಸರಿಟ್ಟು ಅಂಚುಗಳಲ್ಲಿದೆ: ಬುಲುಂಗ ಜೌಗು ಒಂದು ಕಡೆ, ಲಂಡನ್ ಜೌಗು ಇನ್ನೊಂದು ಕಡೆ. ನಡುವೆ ದನ ಓಡಾಡುವ, ದಾರಿ ಇರುವ, ಹಳೇ ಕಾಲುವೆ ತೋಡಿದ, ಹಳೇ ಚರ್ಚು ನಿಂತ ನಾಡು. ಕಾಲುವೆಗೂ ಚರ್ಚಿಗೂ ‘ಹಳೆಯ’ ಅಂತ ಪತ್ರವೇ ಹೇಳುತ್ತದೆ. ಹತ್ತನೆಯ ಶತಮಾನಕ್ಕೇ ಹಳತಾದ ವ್ಯವಸಾಯದ ನೆಲ ಇದು. ಎರಡು, ಎಲ್ಲೆಯ ಸಾಲುಗಳಲ್ಲಿ ಥಾರ್ನಿ ಎಂಬ ಹೆಸರೇ ಇಲ್ಲ. ದ್ವೀಪ ಈ ಭೂಮಿಯ ಅಂಚಿನಲ್ಲಿ ಒಂದು ಮೂಲೆ; ಗಡಿ ಸುತ್ತುವವನಿಗೆ ಅದನ್ನು ಹೆಸರಿಸುವ ಗರಜಿಲ್ಲ. ನೆಲ ಅಳೆಯುವ ಭಾಷೆಯಲ್ಲಿ ಥಾರ್ನಿ ಬಾರದೆ, ಪುಣ್ಯ ಹೇಳುವ ಭಾಷೆಯಲ್ಲಿ ಮಾತ್ರ ‘ಘೋರ’ ಸಮೇತ ಬರುವುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ.

ಇಷ್ಟೆಲ್ಲ ಚರ್ಮದ ಹಾಳೆಯ ಮಾತಾಯಿತು. ದ್ವೀಪದಲ್ಲಿ ಕಲ್ಲಿನ ಬರಹ? ಒಂದಿದೆ, ಅದೂ ಮಠಕ್ಕಿಂತ ಹಳೆಯದು. 1869ರಲ್ಲಿ ಆ್ಯಬಿಯ ಉತ್ತರದ ಹುಲ್ಲುಹಾಸಿನಲ್ಲಿ ಅಗೆಯುವಾಗ ಒಂದು ರೋಮನ್ ಕಲ್ಲಿನ ಶವಪೆಟ್ಟಿಗೆ ಸಿಕ್ಕಿತು. ಬ್ರಿಟನ್ನಿನ ರೋಮನ್ ಶಾಸನಗಳ ಸಂಪುಟದಲ್ಲಿ ಅದು 16ನೆಯ ಸಂಖ್ಯೆ. ಬರಹ ಚಿಕ್ಕದು, ಪಾಠದಲ್ಲಿ ಜಗಳವಿಲ್ಲ: ವಲೇರಿಯಸ್ ಅಮಾಂದಿನಸನ ನೆನಪಿಗೆ, ಅವನ ಮಕ್ಕಳು ವಲೇರಿಯಸ್ ಸೂಪರ್ವೆಂಟರ್ ಮತ್ತು ವಲೇರಿಯಸ್ ಮಾರ್ಸೆಲಸ್ ತಂದೆಗಾಗಿ ಮಾಡಿಸಿದ್ದು. ಮೇಲಿನ ಮುಚ್ಚಳದ ಮೇಲೆ ಉದ್ದವಾದ ಶಿಲುಬೆ. ಅದು ಬರಹದ ಕಾಲದ್ದಲ್ಲ, ಎಷ್ಟೋ ಶತಮಾನ ಆಮೇಲೆ ಪೆಟ್ಟಿಗೆಯನ್ನು ಇನ್ನೊಬ್ಬರಿಗೆ ಬಳಸಿದಾಗ ಕೆತ್ತಿದ್ದು.

ಇದನ್ನು ಹಿಡಿದು ದ್ವೀಪದಲ್ಲಿ ರೋಮನ್ ವಸತಿ ಇತ್ತು ಅಂತ ಹಾರುವವರೂ ಇದ್ದಾರೆ. ಅಲ್ಲಿ ನಾನು ತಡೆಯುತ್ತೇನೆ. ಮರುಬಳಕೆಯ ಕಲ್ಲು ಎಲ್ಲಿಂದ ಬಂತು ಅನ್ನೋದನ್ನು ಕಲ್ಲು ಹೇಳುವುದಿಲ್ಲ. ದೇವಸ್ಥಾನದ ಮೆಟ್ಟಿಲಾದ ವೀರಗಲ್ಲು ಅದೇ ಊರಿನ ವೀರನದ್ದೇ ಅಂತ ನಾವು ಆಣೆ ಮಾಡುವುದಿಲ್ಲವಲ್ಲ. ಭಾರಿ ಕಲ್ಲಿಗೆ ನದಿಯೇ ರಸ್ತೆ. ಲಂಡನ್ನಿನ ರೋಮನ್ ಸ್ಮಶಾನದಿಂದ ದೋಣಿಯಲ್ಲಿ ತಂದಿರಲೂಬಹುದು. ಈ ಕಲ್ಲು ಖಚಿತವಾಗಿ ಸಾಬೀತು ಮಾಡುವುದು ಒಂದನ್ನೇ: ಮಧ್ಯಯುಗದಲ್ಲಿ ಯಾರೋ ಒಬ್ಬರನ್ನು ಬೇರೊಬ್ಬನ ಹೆಸರಿನ ಕಲ್ಲಿನಲ್ಲಿ ಇಲ್ಲಿ ಹೂಳಿದರು, ಹೆಸರನ್ನು ಅಳಿಸುವ ಗೋಜಿಗೆ ಹೋಗಲಿಲ್ಲ.

ನೆಲದ ಬಗ್ಗೆ ನೆಲವನ್ನೇ ಕೇಳಬೇಕು. ಜೂಬಿಲಿ ಸುರಂಗ ರೈಲಿನ ವಿಸ್ತರಣೆಗಾಗಿ 1991ರಿಂದ 1998ರ ತನಕ ಇಲ್ಲಿ ನಡೆದ ಉತ್ಖನನಗಳ ವರದಿಯನ್ನು ಕ್ರಿಸ್ ಥಾಮಸ್, ರಾಬರ್ಟ್ ಕೌವಿ, ಜೇನ್ ಸಿಡೆಲ್ 2006ರಲ್ಲಿ ಪ್ರಕಟಿಸಿದರು. ಥಾರ್ನಿಯ ಬಗ್ಗೆ ಒಂದೇ ಪುಸ್ತಕ ಓದುವುದಾದರೆ ಇದನ್ನು ಓದಿ ಅಂತೀನಿ. ದ್ವೀಪವನ್ನು ಅಲ್ಲಾಡದ ಚಿತ್ರದ ಹಾಗೆ ನೋಡದೆ, ನದಿ ಏರಿದಾಗ ಕುಗ್ಗುವ, ಇಳಿದಾಗ ಹಿಗ್ಗುವ ಮರಳದಿಬ್ಬದ ಹಾಗೆ ನೋಡಿದ್ದು ಇದರ ದೊಡ್ಡ ಗುಣ. ಆ ದಿಬ್ಬದಲ್ಲಿ ಮನುಷ್ಯರ ಓಡಾಟ ಇತಿಹಾಸಪೂರ್ವ ಕಾಲದಿಂದಲೇ ಇತ್ತು. ಅಂದರೆ ಆ್ಯಬಿ ಬಂದದ್ದು ಜನ ಬಳಸಿ ಗೊತ್ತಿದ್ದ ನೆಲಕ್ಕೆ. ‘ಯಾರೂ ಇಲ್ಲದ ಘೋರ ಸ್ಥಳ’ ಅಂದಾಗಲೆಲ್ಲ ಅಳಿಸಿಹೋಗುವವರು ಈ ಜನ. ತಪ್ಪು ಓದಿನ ಖರ್ಚು ಬೀಳುವುದು ಅವರ ಲೆಕ್ಕಕ್ಕೆ.

ದ್ವೀಪ ಅಳಿದದ್ದು ಒಂದೇ ದಿನದಲ್ಲಲ್ಲ. ಮಠ, ಅರಮನೆ ಬೆಳೆದಂತೆ ದಡ ಹೊರಹೊರಗೆ ಸರಿಯಿತು. ಟೈಬರ್ನಿನ ಕವಲುಗಳು ಮಠದ ಗಿರಣಿಗೆ ನೀರು ಕೊಟ್ಟು, ಆಮೇಲೆ ಕೊಳಚೆ ಹೊತ್ತು, ಕಡೆಗೆ ನೆಲದಡಿ ಕೊಳವೆಯಾದವು. ದಕ್ಷಿಣದ ಕವಲು ಹರಿಯುತ್ತಿದ್ದ ಸಾಲಿನಲ್ಲಿ ಈಗ ಗ್ರೇಟ್ ಕಾಲೇಜ್ ಸ್ಟ್ರೀಟ್ ಇದೆ. ಗಿರಣಿಯ ನೆನಪು ಮಿಲ್‌ಬ್ಯಾಂಕ್ ಎಂಬ ಹೆಸರಲ್ಲಿ ಉಳಿದಿದೆ. 1834ರ ಬೆಂಕಿಯ ನಂತರ ಕಟ್ಟಿದ ಪಾರ್ಲಿಮೆಂಟು ನದಿಯೊಳಗೇ ಹೆಜ್ಜೆಯಿಟ್ಟಿತು. 1870ರಲ್ಲಿ ತೆರೆದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಅಲ್ಲಿಂದ ಬಡಗಲಿನ ದಡಕ್ಕೆ ಕಲ್ಲಿನ ಗೋಡೆ ಹಾಕಿತು. ನೀರಿಗೆ ಮಾತ್ರ ಮರೆವು ಕಡಿಮೆ. 1236ರಲ್ಲಿ ಥೇಮ್ಸ್ ಉಕ್ಕಿದಾಗ ವೆಸ್ಟ್‌ಮಿನ್‌ಸ್ಟರ್ ಅರಮನೆಯ ಸಭಾಂಗಣದ ನಡುವೆ ಜನ ದೋಣಿಯಲ್ಲಿ ಓಡಾಡಿದರು ಅಂತ ಜಾನ್ ಸ್ಟೋ ತನ್ನ 1598ರ ಲಂಡನ್ ಸಮೀಕ್ಷೆಯಲ್ಲಿ ಬರೆದಿದ್ದಾನೆ. 1928ರ ಜನವರಿಯಲ್ಲಿ ಮಿಲ್‌ಬ್ಯಾಂಕಿನ ದಡದ ಗೋಡೆ ಒಡೆದು, ಆ ರಾತ್ರಿ ಲಂಡನ್ನಿನಲ್ಲಿ 14 ಮಂದಿ ಸತ್ತರು. ಹೆಚ್ಚಿನವರು ನೆಲಮಾಳಿಗೆಗಳಲ್ಲಿ ಮಲಗಿದ್ದ ಬಡವರು.

ಕೊನೆಗೊಂದು ನಾಮಫಲಕದ ಮಾತು. ಲಂಡನ್ನಿನಲ್ಲಿ ಥಾರ್ನಿ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ದ್ವೀಪದ ನೆನಪಿಗೆ ಇಟ್ಟ ಹೆಸರು ಅಂತ ಯಾರಿಗಾದರೂ ಅನಿಸುತ್ತದೆ. ನಕ್ಷೆ ತೆಗೆದು ನೋಡಿ: ಅದು ಹಾರ್ಸ್‌ಫೆರಿ ರಸ್ತೆಗೂ ದಕ್ಷಿಣಕ್ಕೆ, ಲ್ಯಾಂಬೆತ್ ಸೇತುವೆಯ ಹತ್ತಿರ, ಗ್ರೇಟ್ ಕಾಲೇಜ್ ಸ್ಟ್ರೀಟಿನಿಂದ ಬಹಳ ಈಚೆಗಿದೆ. ಅಂದರೆ ಕವಲಿನ ಆಚೆ, ದ್ವೀಪದ ಹೊರಗೆ. ಐನೂರು ವರ್ಷ ಆದಮೇಲೆ ಯಾರಾದರೂ ಬರೀ ಆ ಫಲಕ ಸಿಕ್ಕಿ ಥಾರ್ನಿ ದ್ವೀಪದ ದಕ್ಷಿಣದ ಎಲ್ಲೆ ಇಲ್ಲಿಯ ತನಕ ಇತ್ತು ಅಂತ ನಕ್ಷೆ ಬರೆದರೆ, ಅವರ ಕೈಯಲ್ಲಿ ಕನಿಷ್ಠ ಎಡ್ಗರನ ಪತ್ರದ ಎಲ್ಲೆಯ ಸಾಲುಗಳಾದರೂ ಇರಲಿ.